ಬದುಕಿರುವ ಕಣ್ಣು ತಪ್ಪುವುದಿಲ್ಲ

ನಮ್ಮಕ್ಕ ಅಂಜುಬುರುಕಿ. ಇದನ್ನು ಅವಳ ಎದುರಿಗೇ ನೂರು ಸಲ ಹೇಳಿದ್ದೇನೆ, ಆದ್ದರಿಂದ ಬರೆಯಲು ಸಂಕೋಚವಿಲ್ಲ. ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುತ್ತಾಳೆ. ಬಸ್ಸು ತಿರುವಿನಲ್ಲಿ ವಾಲಿದರೆ ಪಕ್ಕದಲ್ಲಿ ಕೂತವರು ಯಾರೇ ಆಗಿರಲಿ, ಅವರ ತೋಳನ್ನು ಗಟ್ಟಿಯಾಗಿ ಹಿಡಿದುಬಿಡುತ್ತಾಳೆ. ಹಗ್ಗ ಕಂಡು ಹಾವೆಂದು ಹೆದರುವವರನ್ನು ನೋಡಿದ್ದೇವೆ. ಇವಳು ಹಗ್ಗ ಇರಬಹುದಾದ ಜಾಗಕ್ಕೇ ಹೋಗುವುದಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಅದಕ್ಕೂ ಹೆದರಿದಳೆಂದು ನಾನು ರೇಗಿಸುತ್ತೇನೆ, ಅವಳು ನಿನ್ನಂಥ ತಮ್ಮನನ್ನು ಸಾಕಿದ ಮೇಲೆ ಇನ್ನೊಬ್ಬ ಗಂಡಸು ಯಾಕೆ ಬೇಕಿತ್ತು ಎನ್ನುತ್ತಾಳೆ.

ಇಂಥವಳು ಮಾಡುವ ಕೆಲಸ ಮಾತ್ರ ನನ್ನಂಥವನಿಗೂ ಮೈ ಜುಮ್ಮೆನ್ನಿಸುವಂಥದ್ದು. ಕಣ್ಣು ಕಳೆದುಕೊಂಡವರಿಗೆ ಅವಳು ಕೃತಕ ಕಣ್ಣು ಮಾಡಿಕೊಡುತ್ತಾಳೆ. ಆಸ್ಪತ್ರೆಯವರು ಕಳಿಸಿದ ಗಂಡಸರು, ಹೆಂಗಸರು, ಮಕ್ಕಳು ಅವಳ ಎದುರು ಕುರ್ಚಿಯಲ್ಲಿ ಕೂತು ಖಾಲಿ ರೆಪ್ಪೆಯನ್ನು ತೆರೆಯುತ್ತಾರೆ. ಜಿರಳೆ ಕಂಡರೆ ಮಂಚ ಹತ್ತುವ ಅಕ್ಕ ಆ ಗುಳಿಯನ್ನು ಗಲ್ಲ ಸವರುವಷ್ಟೇ ಸಲೀಸಾಗಿ ಮುಟ್ಟಿ, ಮೆತ್ತನೆಯ ಪೇಸ್ಟು ತುಂಬಿ ಅಳತೆ ತೆಗೆಯುತ್ತಾಳೆ. ಆ ಹೊತ್ತಿನಲ್ಲಿ ಅವಳ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ಬೀದಿಯವರೆಲ್ಲ ಅವಳನ್ನು ಕಣ್ಣಕ್ಕ ಎಂದೇ ಕರೆಯುತ್ತಾರೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯ ಮಹಡಿಯಲ್ಲಿ ಬಿಡಾರ ಹೂಡಿದ್ದೇನೆ.

ಅವಳ ಕೆಲಸದ ಕೋಣೆ ಮನೆಯ ಹಿಂಬದಿಯಲ್ಲಿದೆ. ಬಿಸಿಲು ನೇರ ಬೀಳದ ಒಂದು ದೊಡ್ಡ ಕಿಟಕಿ, ಅದರ ಕೆಳಗೆ ಮೇಜು, ಮೇಜಿನ ಮೇಲೆ ನಾಲ್ಕೈದು ಕೂದಲಷ್ಟೇ ಉಳಿದ ಕುಂಚಗಳು. ಕಪ್ಪು ಗುಂಡಿಯಂಥ ಸಣ್ಣ ಬಿಲ್ಲೆಯ ಮೇಲೆ ಅವಳು ಕಣ್ಣಿನ ಬಣ್ಣ ಬರೆಯುತ್ತಾಳೆ. ಒಂದು ಪದರ ಬಣ್ಣ, ಅದು ಒಣಗಿದ ಮೇಲೆ ಮತ್ತೊಂದು, ಅದರ ಮೇಲೆ ಮತ್ತೊಂದು. ಆಮೇಲೆ ಅದನ್ನು ಬಿಳಿ ಗುಡ್ಡೆಯಲ್ಲಿ ಕೂರಿಸಿ, ಮೇಲೆ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕು ಹಾಕಿ ಬೇಯಿಸಿ, ನುಣ್ಣಗೆ ಉಜ್ಜುತ್ತಾಳೆ. ಮೊದಮೊದಲು ಅವಳು ಮಾಡಿದ ಕಣ್ಣುಗಳು ಗೋಲಿಯಂತೆ ಕಾಣುತ್ತಿದ್ದವಂತೆ. ಒಬ್ಬ ಹೆಂಗಸು ಕನ್ನಡಿ ನೋಡಿಕೊಂಡು, ಗೊಂಬೆ ಅಂಗಡಿಯಿಂದ ತಂದಿದ್ದಾ ಎಂದು ಕೇಳಿಬಿಟ್ಟಳಂತೆ. ಅವಮಾನದಿಂದ ಅಳುತ್ತ ಮುಖ ತೊಳೆಯಲು ಹೋದ ಅಕ್ಕನಿಗೆ ಕನ್ನಡಿಯಲ್ಲಿ ತನ್ನದೇ ಕೆಂಪಾದ ಕಣ್ಣು ಕಂಡಿತು. ಹಳೆಯ ರೇಷ್ಮೆ ಬಟ್ಟೆಯ ಅಂಚಿನಿಂದ ಕೆಂಪು ಎಳೆ ಬಿಡಿಸಿ, ಅದನ್ನು ಇನ್ನೂ ಸಣ್ಣಗೆ ಸೀಳಿ ಬಿಳಿ ಗುಡ್ಡೆಯ ಮೇಲೆ ಅಂಟಿಸಿದಳು. ನರ ಹರಿಯಿತು, ಕಣ್ಣಿಗೆ ಜೀವ ಬಂತು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಆವತ್ತಿನಿಂದ ಅವಳದು ಒಂದೇ ಮಂತ್ರ. ಕುಂದಿಲ್ಲದ ಕಣ್ಣು ಸತ್ತ ಕಣ್ಣು. ಒಂದು ಚುಕ್ಕೆ, ಒಂದು ಸೊಟ್ಟ ಗೆರೆ, ಒಂದು ಕಡೆ ತುಸು ಮಾಸಿದ ಅಂಚು ಕಂಡರೆ ಸಾಕು, ಮೊಮ್ಮಗುವಿನ ಕೆನ್ನೆಗುಳಿ ಕಂಡ ಅಜ್ಜಿಯಂತೆ ಹಿಗ್ಗುತ್ತಾಳೆ. ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಒಂದು ಮಾತಿದೆ: ವಿಜ್ಞಾನ ಯಾವುದನ್ನು ಕಂಡರೂ ಯಾಕೆ ಹೀಗೆ ಎಂದು ಕೇಳುತ್ತದೆ, ಸೌಂದರ್ಯಕ್ಕೆ ಸೋತವರು ಹೀಗೇ ಇರಲಿ ಎನ್ನುತ್ತಾರೆ. ಅಕ್ಕನಿಗೆ ಇದನ್ನು ಹೇಳಿದರೆ, ನಿನ್ನ ಯಾಕೆಯನ್ನು ನೀನೇ ಇಟ್ಟುಕೋ, ನನಗೆ ಹೇಗೆ ಎನ್ನುವುದಷ್ಟೇ ಸಾಕು ಎನ್ನುತ್ತಿದ್ದಳು. ಕೂತವರ ಒಳ್ಳೆಯ ಕಣ್ಣೇ ಗುರು, ಗುರು ತಪ್ಪುವುದಿಲ್ಲ, ಬಣ್ಣ ಹೊಂದದಿದ್ದರೆ ತಪ್ಪು ನನ್ನ ಕೈಯದು. ಇದು ಅವಳ ಕಸುಬಿನ ಕಾನೂನು. ಮೂವತ್ತು ವರ್ಷ ಈ ಕಾನೂನು ಅವಳನ್ನು ಕೈಬಿಟ್ಟಿರಲಿಲ್ಲ.

ಅವಳ ಹೆದರಿಕೆಗಳಲ್ಲೆಲ್ಲ ದೊಡ್ಡದೊಂದಿತ್ತು, ಅದು ತಮಾಷೆಯದಲ್ಲ. ನಮ್ಮಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ವಯಸ್ಸಾಗುತ್ತ ಅವರ ಕಣ್ಣಿಗೆ ಪೊರೆ ಬಂದು ಬಣ್ಣ ತಿಳಿಯದಾಯಿತು. ನೀಲಿ ಎಂದುಕೊಂಡು ಹಸಿರು ಬಳಿದರು, ಬಿಳಿ ಎಂದು ಹಳದಿ ಬಳಿದರು. ಜನ ಹಿಂದಿನಿಂದ ನಕ್ಕರೇ ಹೊರತು ಒಬ್ಬರೂ ಎದುರಿಗೆ ಹೇಳಲಿಲ್ಲ. ಕೆಲಸ ಯಾಕೆ ಬರುತ್ತಿಲ್ಲವೆಂದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಕ್ಕ ಅದನ್ನು ಮರೆತವಳಲ್ಲ. ವರ್ಷಕ್ಕೊಮ್ಮೆಯಾದರೂ, ಊಟದ ನಡುವೆಯೋ ಬಟ್ಟೆ ಮಡಚುವಾಗಲೋ, ನನ್ನ ಕಣ್ಣು ಹೋಗುತ್ತಿದ್ದರೆ ನೀನು ಹೇಳುತ್ತೀಯಲ್ಲವಾ ಎಂದು ಕೇಳುತ್ತಿದ್ದಳು. ಹೇಳುತ್ತೇನೆ ಎಂದು ನಾನು ಮಾತು ಕೊಡುತ್ತಿದ್ದೆ.

ಆ ಹುಡುಗಿ ಬಂದದ್ದು ಇಂಥ ಮನೆಗೆ. ಏಳೆಂಟು ವರ್ಷದ ಕೂಸು. ಆಟವಾಡುವಾಗ ತಂತಿ ತಗುಲಿ ಎಡಗಣ್ಣು ಒಡೆದಿತ್ತು. ಉಳಿಸಲು ನೋಡಿ, ಆಗದೆ, ಆಸ್ಪತ್ರೆಯಲ್ಲಿ ಅದನ್ನು ತೆಗೆದಿದ್ದರು. ತಾಯಿ ಬಸ್ ನಿಲ್ದಾಣದ ಹತ್ತಿರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಗಾಯ ಮಾಗಿದ ಮೇಲೆ ಕೃತಕ ಕಣ್ಣು ಹಾಕಿಸಿ ಎಂದು ಡಾಕ್ಟರು ಕಳಿಸಿದ್ದರು. ಹುಡುಗಿ ಬಾಯಿ ಬಿಡದೆ ಕುರ್ಚಿಯಲ್ಲಿ ಕೂತು, ಅಕ್ಕನ ಕೈಯನ್ನೇ ದಿಟ್ಟಿಸುತ್ತಿದ್ದಳು.

ಉಳಿದ ಬಲಗಣ್ಣು ಜೇನಿನ ಬಣ್ಣದ್ದು. ಪಾಪೆಯ ಸುತ್ತ ಬಂಗಾರದ ಎಳೆ ಬಿಡಿಸಿಟ್ಟಂತೆ ಒಂದೊಂದು ಗೆರೆಯೂ ಬೇರೆಬೇರೆಯಾಗಿ ಎಣಿಸುವ ಹಾಗಿತ್ತು. ಅಕ್ಕ ಆವತ್ತು ಊಟಕ್ಕೂ ಏಳದೆ ಬರೆದಳು. ಸಂಜೆ ನಾನು ಶಾಲೆಯಿಂದ ಬಂದಾಗ ಬಿಲ್ಲೆಯನ್ನು ಹುಡುಗಿಯ ಮುಖದ ಪಕ್ಕ ಹಿಡಿದು ತೋರಿಸಿದಳು. ಯಾವುದು ಬರೆದದ್ದು, ಯಾವುದು ಬೆಳೆದದ್ದು ಎಂದು ಹೇಳಲಾಗದಷ್ಟು ಹೊಂದಿತ್ತು. ತಾಯಿಯ ಕಣ್ಣಲ್ಲಿ ನೀರು ಬಂತು.

ವಾರದ ಮೇಲೆ ಗುಡ್ಡೆಯ ಅಳತೆ ನೋಡಲು ಅವರು ಮತ್ತೆ ಬಂದರು. ಅಕ್ಕ ಬಿಲ್ಲೆಯನ್ನು ಕಣ್ಣಿನ ಪಕ್ಕ ಹಿಡಿದಳು. ಬಣ್ಣ ಹೊಂದಲಿಲ್ಲ. ಅವಳ ಬಿಲ್ಲೆ ಜೇನಿನಂತೆ ಹೊಳೆಯುತ್ತಿತ್ತು, ಹುಡುಗಿಯ ಕಣ್ಣು ಸ್ವಲ್ಪ ಹಸಿರಿಗೆ ತಿರುಗಿ ಮಬ್ಬಾಗಿತ್ತು. ಅಕ್ಕನ ಎದೆ ಧಸಕ್ಕೆಂದಿತು. ತಾಯಿ ಏನನ್ನೂ ಗಮನಿಸದೆ, ಎಲ್ಲ ಸರಿಯಿದೆಯಾ ಅಕ್ಕಾ ಎಂದಷ್ಟೇ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಕ್ಕ ಬಿಲ್ಲೆಯನ್ನು ಸೆರಗಿನಲ್ಲಿ ಮುಚ್ಚಿ, ಇನ್ನೊಂದು ಬರೆದರೆ ಇನ್ನೂ ಚೆನ್ನಾಗಿ ಬರುತ್ತೆ ಎಂದಳು.

ಮತ್ತೆ ಬರೆಯಲು ಕೂತಳು. ಬರೆಯುತ್ತ ಬರೆಯುತ್ತ ಭಯ ಮರೆತುಹೋಯಿತು, ಯಾಕೆಂದರೆ ಈ ಸಲ ಅವಳಿಗೆ ಹೊಸದೊಂದು ಕಂಡಿತ್ತು. ಪಾಪೆ ಪೂರ್ತಿ ದುಂಡಗಿರಲಿಲ್ಲ. ಕೆಳಗಿನ ಅಂಚು ಒಂದು ಕಡೆ ತುಸು ಎಳೆದಂತೆ, ಹೂವಿನ ಎಸಳೊಂದು ಬಾಗಿದಂತೆ ಇತ್ತು. ಮೊದಲ ದಿನ ಇದು ಹೇಗೆ ತಪ್ಪಿಹೋಯಿತೋ ಎಂದು ತನ್ನನ್ನೇ ಬೈದುಕೊಂಡು, ಆ ಬಾಗನ್ನು ಹಾಗೆಹಾಗೇ ಬರೆದಳು. ಆ ರಾತ್ರಿ ಊಟದ ಹೊತ್ತಿಗೆ ಅದರ ಚೆಂದವನ್ನು ನನಗೆ ವರ್ಣಿಸಿದ್ದೇ ವರ್ಣಿಸಿದ್ದು. ಲಕ್ಷದಲ್ಲಿ ಒಬ್ಬರಿಗೂ ಇರದ ಪಾಪೆ ಎಂದಳು. ನಾನು ಹೂಂಗುಟ್ಟಿದೆ. ವಿಜ್ಞಾನದ ಮೇಷ್ಟರ ಬಾಯಿಂದ ಆವತ್ತು ಯಾಕೆ ಎನ್ನುವ ಮಾತು ಬರಲೇ ಇಲ್ಲ.

ಮತ್ತೊಂದು ವಾರ ಬಿಟ್ಟು ಮೂರನೆಯ ಸಲ ಬಂದಾಗಲೂ ಹೊಂದಲಿಲ್ಲ. ಈಗ ಹೊಸ ಬಿಲ್ಲೆಯೂ ಹುಡುಗಿಯ ಕಣ್ಣಿಗಿಂತ ತಿಳಿಯಾಗಿತ್ತು. ಬಣ್ಣ ಒಣಗಿಲ್ಲ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಸುಳ್ಳು ಹೇಳಿ ಅವರನ್ನು ಕಳಿಸಿದಳು. ನಾನು ಬಂದಾಗ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಎರಡು ಬಿಲ್ಲೆಗಳನ್ನೂ ನನ್ನ ಮುಂದಿಟ್ಟು, ಒಂದೇ ಹುಡುಗಿಯ ಒಂದೇ ಕಣ್ಣನ್ನು ನೋಡಿ ಎರಡು ಬಣ್ಣ ಬರೆದಿದ್ದೇನೆ, ಮೂರನೆಯದು ಇನ್ನೂ ಬೇರೆ ಬರುತ್ತದೆ ಎಂದಳು.

"ಅಪ್ಪಂಗೆ ಆದ ಹಾಗೇ ನನಗೂ ಆಗ್ತಿದೆ ಕಣೋ. ನಿಜ ಹೇಳು, ಇವೆರಡೂ ಬೇರೆ ಕಾಣ್ತಿವೆಯಾ?"

ಬೇರೆ ಕಾಣುತ್ತಿದ್ದವು. ಮಾತು ಕೊಟ್ಟಿದ್ದೆನಲ್ಲ, ಹೌದು ಎಂದೆ. ಅವಳು ಅಳಲಿಲ್ಲ. ಕುಂಚಗಳನ್ನು ಒಂದೊಂದಾಗಿ ತೊಳೆದು, ಇನ್ನು ಮುಟ್ಟುವುದಿಲ್ಲ ಎನ್ನುವ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟಳು. ಕಣ್ಣು ಹೋದರೆ ಅಕ್ಕನಲ್ಲಿ ಹೆದರಿಕೆ ಬಿಟ್ಟು ಮತ್ತೇನೂ ಉಳಿಯುವುದಿಲ್ಲ, ಅದು ನನಗೆ ಗೊತ್ತಿತ್ತು.

ಪರೀಕ್ಷೆ ಮಾಡಿ ನೋಡೋಣ ಎಂದು ನಾನೇ ಎಬ್ಬಿಸಿದೆ. ನಮ್ಮ ಬೀದಿಯ ಕೊನೆಗೆ ಗಡಿಯಾರ ರಿಪೇರಿಯವರ ಅಂಗಡಿಯಿದೆ. ಅವರ ಎಡಗಣ್ಣು ಅಕ್ಕ ಬಹಳ ವರ್ಷಗಳ ಹಿಂದೆ ಮಾಡಿಕೊಟ್ಟದ್ದು. ಒಂದು ಕಣ್ಣು ಗಡಿಯಾರಕ್ಕೆ, ಇನ್ನೊಂದು ಗಿರಾಕಿಗೆ ಎಂದು ಅವರು ಎಲ್ಲರನ್ನೂ ನಗಿಸುತ್ತಾರೆ. ಆ ಎರಡು ಕಣ್ಣುಗಳನ್ನು ನೋಡಿ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ ಹೇಳು, ನಾನೂ ನೋಡುತ್ತೇನೆ, ತಾಳೆಯಾದರೆ ನಿನ್ನ ಕಣ್ಣು ಸರಿಯಿದೆ ಎಂದರ್ಥ ಎಂದೆ. ಅಕ್ಕ ಗಲ್ಲಿಗೇರುವವಳಂತೆ ಹಿಂದೆ ಬಂದಳು.

ಗಡಿಯಾರದವರು ಭೂತಗಾಜು ಬದಿಗಿಟ್ಟು, ದೀಪದ ಕೆಳಗೆ ಮುಖ ಒಡ್ಡಿದರು. ಅಕ್ಕ ಬಹಳ ಹೊತ್ತು ನೋಡಿದಳು. ಬಣ್ಣ ಒಂದೇ, ಆದರೆ ಒಳ್ಳೆಯ ಕಣ್ಣಿನ ಅಂಚಿನಲ್ಲಿ ಬೂದಿಬಣ್ಣದ ಸಣ್ಣ ಉಂಗುರ ಇದೆ, ನಾನು ಬರೆದದ್ದರಲ್ಲಿ ಇಲ್ಲ ಎಂದಳು. ನಾನೂ ಬಗ್ಗಿ ನೋಡಿದೆ. ಇತ್ತು. ಕೂದಲೆಳೆಯಷ್ಟು ಸಣ್ಣದು, ಅವಳು ಹೇಳದಿದ್ದರೆ ನನಗೆ ಕಾಣುತ್ತಿರಲಿಲ್ಲ. ಅಂದರೆ ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಮಾತ್ರ ಆ ಉಂಗುರಕ್ಕೇ ಅಂಟಿಕೊಂಡು, ಇದನ್ನು ಬರೆಯದೆ ಹೇಗೆ ಬಿಟ್ಟೆನೋ ಎಂದು ಪೇಚಾಡಿಕೊಳ್ಳುತ್ತಿದ್ದಳು.

"ನೀವೆಲ್ಲಿ ಬಿಟ್ರಿ ಅಕ್ಕಾ," ಎಂದರು ಗಡಿಯಾರದವರು. "ಆವಾಗ ಇರ್ಲಿಲ್ಲ. ವಯಸ್ಸಾಯ್ತಲ್ಲ, ಬಂತು. ನೀವು ಕೊಟ್ಟಿದ್ದು ಹಾಗೇ ಇದೆ, ಬದಲಾಗಿದ್ದು ನನ್ನದು."

ಅವರು ನಗುತ್ತಲೇ ಹೇಳಿದರು. ಅಕ್ಕನ ಮುಖ ನೋಡನೋಡುತ್ತ ಬಿಳುಚಿಕೊಂಡಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಅವಳ ತಲೆಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಮೊದಲ ಬಿಲ್ಲೆ ಸರಿಯಿತ್ತು. ಎರಡನೆಯದೂ ಸರಿಯಿತ್ತು. ಬರೆದ ದಿನ ಕಣ್ಣು ಹೇಗಿತ್ತೋ ಹಾಗೇ ಬರೆದಿದ್ದಳು. ಗುರು ತಪ್ಪುವುದಿಲ್ಲ ಎಂದು ನಂಬಿ ಅವಳು ಪಾಠ ತಿದ್ದುತ್ತಲೇ ಇದ್ದಳು, ಕೆಡುತ್ತಿದ್ದದ್ದು ಗುರುವೇ. ವಯಸ್ಸಾದವರಿಗೆ ವರ್ಷಗಟ್ಟಲೆ ಹಿಡಿಯುವ ಬದಲಾವಣೆಯಲ್ಲ ಅದು. ಕೂಸಿಗೆ ಉಳಿದಿದ್ದ ಒಂದೇ ಒಂದು ಕಣ್ಣು ಎರಡು ವಾರದಲ್ಲಿ ಬಣ್ಣ ಕಳೆದುಕೊಂಡಿತ್ತು.

ಅಕ್ಕ ಓಡಿದಳು. ರಸ್ತೆ ದಾಟಲು ನನ್ನ ತೋಳು ಬೇಕೆನ್ನುವ ಹೆಂಗಸು ಎಡಬಲ ನೋಡದೆ ವಾಹನಗಳ ನಡುವೆ ನುಗ್ಗಿದಳು, ನಾನು ಹಿಂದಿನಿಂದ ಕೂಗುತ್ತ ಓಡಿದೆ. ಲಾಂಡ್ರಿಯ ಬಾಗಿಲು ಇನ್ನೂ ತೆರೆದಿತ್ತು. ಒಳಗೆ ಹಬೆ, ಬಿಸಿ ಬಟ್ಟೆಯ ವಾಸನೆ. ತಾಯಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನಮ್ಮನ್ನು ನೋಡಿದಳು. ಹುಡುಗಿ ಮಡಚಿದ ಹಾಸುಗಳ ಹಿಂದೆ, ದೀಪಕ್ಕೆ ಬೆನ್ನು ಮಾಡಿ ಕೂತಿದ್ದಳು. ಮಗುವನ್ನು ಈಗಲೇ ಆಸ್ಪತ್ರೆಗೆ ತೋರಿಸಬೇಕು ಎಂದು ಅಕ್ಕ ಏದುಸಿರಿನಲ್ಲೇ ಹೇಳಿದಳು. ತಾಯಿ ನಂಬಲಿಲ್ಲ. ಹೆದರಿದವರು ಮೊದಲು ಮಾಡುವುದು ಅದನ್ನೇ. ನೋವಾದರೆ, ಕೆಂಪಾದರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ, ದಿನವೂ ಕೇಳುತ್ತಿದ್ದೇನೆ, ಅವಳು ಏನೂ ಇಲ್ಲ ಎನ್ನುತ್ತಾಳೆ, ನೀವು ಬಣ್ಣ ಬರೆಯುವವರು, ನಿಮ್ಮ ಬಣ್ಣ ಹೊಂದದಿದ್ದರೆ ನನ್ನ ಮಗಳ ಮೇಲೆ ಹಾಕಬೇಡಿ ಎಂದಳು. ಅವಳ ಧ್ವನಿ ಏರುತ್ತಲೇ ಹೋಯಿತು.

ಅಕ್ಕ ವಾದ ಮಾಡಲಿಲ್ಲ. ಹುಡುಗಿಯ ಮುಂದೆ ನೆಲದ ಮೇಲೆ ಕೂತು, ಅವಳ ಗಲ್ಲ ಹಿಡಿದು ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿದಳು. ಮಗು ಮುಖವನ್ನೆಲ್ಲ ಹಿಂಡಿಕೊಂಡು ಕಣ್ಣು ಮುಚ್ಚಿತು. ರೆಪ್ಪೆಯಡಿಯಿಂದ ನೀರು ಇಳಿಯಿತು.

"ಪುಟ್ಟೀ, ಎಷ್ಟು ದಿನದಿಂದ ಹೀಗೆ ಚುಚ್ತಿದೆ? ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

ಹುಡುಗಿ ತಾಯಿಗೆ ಕೇಳಿಸಬಾರದೆನ್ನುವ ಹಾಗೆ ಅಕ್ಕನ ಕಿವಿಯ ಹತ್ತಿರ ಹೇಳಿದಳು. ಎಲ್ಲರಿಗೂ ಕೇಳಿಸಿತು.

"ಆವತ್ತು ನೋವು ಅಂದಿದ್ದಕ್ಕೇ ಆ ಕಣ್ಣು ತೆಗೆದ್ರು. ಇದನ್ನೂ ತೆಗೀತಾರೆ."

ತಾಯಿ ಇಸ್ತ್ರಿಯ ಪ್ಲಗ್ಗು ಕಿತ್ತದ್ದು, ಮಗಳನ್ನು ಹೆಗಲಿಗೆ ಹಾಕಿಕೊಂಡದ್ದು, ನಾವು ಆಟೋ ಹಿಡಿದದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ದಾರಿಯುದ್ದಕ್ಕೂ ಮಗು, ತೆಗೀಬೇಡಿ ಅನ್ನಿ, ತೆಗೀಬೇಡಿ ಅನ್ನಿ ಎನ್ನುತ್ತಲೇ ಇತ್ತು. ಆ ಆಟೋದಲ್ಲಿ ನಾಲ್ಕು ಜನ ಹೆದರಿದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದೆವು, ಅಕ್ಕನನ್ನು ಅಂಜುಬುರುಕಿ ಎನ್ನುವ ಯೋಗ್ಯತೆ ನನಗಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಮನೆಗೆ ಹೊರಟಿದ್ದವರು ಬ್ಯಾಗು ಕೆಳಗಿಟ್ಟು ಒಳಗೆ ಕರೆದರು. ಯಂತ್ರದ ಮುಂದೆ ಹುಡುಗಿಯ ಗಲ್ಲ ಇರಿಸಿ ನೋಡಿದರು. ಕೊನೆಗೆ ನಿಧಾನವಾಗಿ ತಿಳಿಸಿದರು. ಒಂದು ಕಣ್ಣು ಒಡೆದರೆ ಅಪರೂಪಕ್ಕೆ ಹೀಗಾಗುತ್ತದೆ: ದೇಹ ತನ್ನದೇ ಇನ್ನೊಂದು ಕಣ್ಣನ್ನು ಹಗೆ ಎಂದು ತಿಳಿದು ಅದರ ಮೇಲೆ ಬೀಳುತ್ತದೆ. ಒಳಗೆಲ್ಲ ಉರಿಯೂತ, ಅದಕ್ಕೇ ಬಣ್ಣ ಮಬ್ಬಾಗಿರುವುದು. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡಿದೆ. ಅದಕ್ಕೇ ಅದು ದುಂಡಗಿಲ್ಲ. ಈ ಕಣ್ಣನ್ನು ತೆಗೆಯುವುದಿಲ್ಲ, ಉಳಿಸಲು ನೋಡೋಣ, ಆದರೆ ಎಷ್ಟು ಉಳಿಯುತ್ತದೋ ಇವತ್ತು ಹೇಳಲಾರೆ ಎಂದರು. ಪಾಪೆಯ ಮಾತು ಬಂದಾಗ ನಾನು ಅಕ್ಕನ ಕಡೆ ನೋಡಲಿಲ್ಲ.

ತಿಂಗಳುಗಟ್ಟಲೆ ಔಷಧಿ ನಡೆಯಿತು. ಗಂಟೆಗೊಮ್ಮೆ ಹನಿ, ಸೂಜಿ, ಮುಖ ಊದಿಸುವ ಮಾತ್ರೆ. ಅಕ್ಕ ಆ ದಿನಗಳಲ್ಲಿ ಒಂದು ಕಣ್ಣನ್ನೂ ಮಾಡಲಿಲ್ಲ. ಬಂದವರನ್ನು ಮುಂದಕ್ಕೆ ಹಾಕಿ, ವಾರವಾರವೂ ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ, ಒಳಗೆ ಹೋಗಲು ಧೈರ್ಯ ಸಾಲದೆ ವಾಪಸು ಬರುತ್ತಿದ್ದಳು. ಸುದ್ದಿ ತರುತ್ತಿದ್ದವನು ನಾನು. ಕೊನೆಗೆ ತಂದದ್ದು ಇದು: ಉರಿ ಆರಿದೆ, ಕಣ್ಣು ಉಳಿದಿದೆ. ಹುಡುಗಿ ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನು ಓದುತ್ತಾಳೆ, ಕೆಳಗಿನ ಸಣ್ಣ ಸಾಲುಗಳು ಕಾಣುವುದಿಲ್ಲ. ಅವು ಮುಂದೆಯೂ ಕಾಣಲಾರವು. ಒಂದು ವಾರ ಮೊದಲೇ ಬಂದಿದ್ದರೆ ಎಂದು ಡಾಕ್ಟರಮ್ಮ ಮಾತು ಶುರುಮಾಡಿ, ತಾಯಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ್ದರು.

ಆ ವಾರದ ಲೆಕ್ಕ ತಾಯಿಗೂ ಸಿಕ್ಕಿತ್ತು; ಎರಡನೆಯ ಬಿಲ್ಲೆಯ ವಿಷಯ ಆಸ್ಪತ್ರೆಯಲ್ಲಿ ನನ್ನ ಬಾಯಿಂದಲೇ ಅವಳಿಗೆ ಗೊತ್ತಾಗಿತ್ತು. ಒಂದು ದಿನ ಮಗಳ ಕೈ ಹಿಡಿದು ನಮ್ಮ ಮನೆಗೆ ಬಂದಳು. ಎಡಗಣ್ಣಿನ ಗುಳಿ ಇನ್ನೂ ಖಾಲಿಯೇ ಇತ್ತು. ಅಕ್ಕ ಬಾಗಿಲಲ್ಲೇ ನಿಂತಳು. ತಾಯಿ ಜಗಳಕ್ಕೆ ಬಂದವಳಂತಿರಲಿಲ್ಲ. ಬಹಳ ದಿನ ನಿದ್ದೆಗೆಟ್ಟವಳ ಧ್ವನಿಯಲ್ಲಿ ಕೇಳಿದಳು.

"ಅಕ್ಕಾ, ಎರಡನೇ ಸಲ ಬಂದಾಗಲೇ ನೀವು ಅದನ್ನ ನೋಡಿದ್ರಂತೆ. ಪಾಪೆ ಸೊಟ್ಟ ಆಗಿದ್ದನ್ನ. ಬರೆದೂ ಇದ್ರಂತೆ. ಯಾಕೆ ಹೇಳ್ಲಿಲ್ಲ?"

ನನ್ನ ಬಾಯಲ್ಲಿ ಹತ್ತು ಉತ್ತರ ತಯಾರಿದ್ದವು. ಅವಳು ಡಾಕ್ಟರಲ್ಲ, ಅವಳಿಗೆ ಹೇಗೆ ಗೊತ್ತಾಗಬೇಕು, ತನ್ನ ಕಣ್ಣೇ ಹೋಯಿತೆಂದು ಹೆದರಿದ್ದಳು. ಎಲ್ಲವೂ ನಿಜವೇ. ಅಕ್ಕ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ಅಪ್ಪನಿಗೆ ಎದುರಿಗೆ ಸತ್ಯ ಹೇಳುವವರು ಒಬ್ಬರೂ ಇರಲಿಲ್ಲ ಎಂದು ಜೀವಮಾನವೆಲ್ಲ ಕೊರಗಿದವಳು, ಆ ತಾಯಿಯನ್ನು ನೇರವಾಗಿ ನೋಡಿದಳು.

"ಚೆನ್ನಾಗಿತ್ತಮ್ಮ. ನೋಡೋಕೆ ತುಂಬ ಚೆನ್ನಾಗಿತ್ತು. ಅದಕ್ಕೇ ಯಾಕೆ ಅಂತ ಕೇಳ್ಲಿಲ್ಲ."

ತಾಯಿ ಹೊರಟುಹೋಗುತ್ತಾಳೆ ಎಂದುಕೊಂಡೆ, ಹೋಗಿದ್ದರೆ ತಪ್ಪೂ ಅನ್ನುತ್ತಿರಲಿಲ್ಲ. ಅವಳು ನಮ್ಮಿಬ್ಬರನ್ನೂ ದಾಟಿ ಹಿಂಬದಿಯ ಕೋಣೆಗೆ ನಡೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಗಳನ್ನು ಕೂರಿಸಿ, ಅವಳ ಮುಂಗೂದಲನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

"ಬನ್ನಿ, ನೋಡಿ. ಏನಾದ್ರೂ ಚೆನ್ನಾಗಿ ಕಂಡ್ರೆ, ಬರೆಯೋಕೆ ಮುಂಚೆ ನನಗೆ ಹೇಳಿ."